ಹನ್ನೆರಡೂವರೆಯ ಬೆಲ್ ಆದ ಮೇಲೆ

ಹೊಸದಾಗಿ ಶಾಲೆಗೆ ಶಿಕ್ಷಕರಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಮನೆಗೆ ಬರುತ್ತಾರೆ. ಪಾಠ ಹೇಗೆ ಮಾಡಬೇಕು ಟೀಚರ್ ಎಂದು ಕೇಳುತ್ತಾರೆ. ಅದನ್ನು ಅವರು ನನಗಿಂತ ಚೆನ್ನಾಗಿ ಕಲಿತು ಬಂದಿರುತ್ತಾರೆ. ನಾನು ಹೇಳುವುದು ಬೇರೆಯೇ. ಐದು, ಆರು, ಏಳನೆಯ ತರಗತಿಯ ಮಕ್ಕಳಿಗೆ ‘ನಿನ್ನೆ ಶಾಲೆ ಬಿಟ್ಟ ಮೇಲೆ ನಾನು ಏನು ಮಾಡಿದೆ’ ಎಂಬ ಪ್ರಬಂಧ ಮಾತ್ರ ಕೊಡಬೇಡಿ.

ನಾನು ಕೊಟ್ಟಿದ್ದೆ. ಏಳನೆಯ ತರಗತಿಯ ಅಷ್ಟೂ ಮಕ್ಕಳು ಮನೆಗೆ ಹೋಗಿ ಕೈಕಾಲು ತೊಳೆದಿದ್ದರು, ಊಟ ಮಾಡಿದ್ದರು, ಸ್ವಲ್ಪ ವಿಶ್ರಾಂತಿ ಪಡೆದು ಮನೆಪಾಠ ಮುಗಿಸಿದ್ದರು, ಸಂಜೆ ದೇವರಿಗೆ ದೀಪ ಹಚ್ಚಿ ತಾಯಿಗೆ ನೆರವಾಗಿದ್ದರು. ತೇಜಸ್ ಎಂಬ ಹುಡುಗನಂತೂ ತೋಟದ ಗಿಡಗಳಿಗೆ ನೀರು ಹಾಕಿದ್ದ. ಅವನ ಅಪ್ಪ ಹೋಟೆಲಿನಲ್ಲಿ ಮ್ಯಾನೇಜರು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಾಲ್ಕನೆಯ ಮಹಡಿಯಲ್ಲಿ ಅವರ ಮನೆ.

“ತೋಟ ಎಲ್ಲಿ ಐತೋ?” ಎಂದು ಕೇಳಿದೆ.

“ಗೈಡಲ್ಲಿ ಉಂಟು ಟೀಚರ್,” ಎಂದ.

ನಾನು ಹುಬ್ಬಳ್ಳಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಸೇರಿ ಅಲ್ಲೇ ನಿವೃತ್ತಳಾದೆ. ಯಾವಾಗ ಕಾಯಂ ಆಯಿತು, ಯಾವಾಗ ಸೀನಿಯರ್ ಗ್ರೇಡ್ ಸಿಕ್ಕಿತು ಎಂಬುದೆಲ್ಲ ನನ್ನ ಸ್ವಂತ ಮಕ್ಕಳಿಗೂ ಬೇಡದ ಸಂಗತಿ. ಆದರೆ ಆ ಪ್ರಬಂಧದ ಮರುದಿನ ನಡೆದದ್ದು ಹೇಳುವಂಥದ್ದು. ಪಾಠದ ಹೊತ್ತಿಗೆ ತರಗತಿಯ ಬಾಗಿಲು ಮುಂದೆ ಮಾಡಿ, ಮೇಜಿನ ಮೇಲೆ ಕೂತು, “ಮಾರ್ಕ್ಸ್ ಇಲ್ಲ. ಬರಿಯೂದೂ ಬ್ಯಾಡ. ಖರೇ ಖರೇ ಹೇಳ್ರಿ, ಮನೀಗೆ ಹೋಗಿ ಏನ್ ಮಾಡ್ತೀರಿ?” ಎಂದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕೋಡಿ ಒಡೆದಂತೆ ಮಾತು ಹರಿಯಿತು. ನಮ್ಮದು ಬೆಳಗಿನ ಪಾಳಿ, ಹನ್ನೆರಡೂವರೆಗೆ ಬಿಡುತ್ತದೆ. ತಂದೆತಾಯಿ ಠಾಣೆಗೋ ಮುಂಬೈಗೋ ಹೋದವರು ದೀಪ ಹಚ್ಚಿದ ಮೇಲೇ ಬರುವುದು. ನಡುವಿನ ಅಷ್ಟೂ ಹೊತ್ತು ಮಕ್ಕಳದೇ ರಾಜ್ಯ. ತೇಜಸ್ ಕೊರಳಲ್ಲಿದ್ದ ಬೀಗದಕೈ ತೆಗೆದು ಬಾಗಿಲು ತೆರೆಯುತ್ತಾನೆ. ಡಬ್ಬಿಯ ಊಟ ಫೋನಿನ ಮುಂದೆ ಮುಗಿಯುತ್ತದೆ. ನಂತರ ಎದುರಿನ ಬಿಲ್ಡಿಂಗಿನ ಗೆಳೆಯನ ಜೊತೆ ಮೊಬೈಲ್ ಗೇಮು. ಇಬ್ಬರ ಇಯರ್‌ಫೋನೂ ಕೆಟ್ಟಿರುವುದರಿಂದ ಇಬ್ಬರೂ ಕಿಟಕಿಯಲ್ಲಿ ನಿಂತು “ಪೀಛೇ ದೇಖ್, ಪೀಛೇ!” ಎಂದು ಕೂಗುತ್ತ ಆಡುತ್ತಾರೆ. ಇನ್ನೊಬ್ಬಳಿಗೆ ಒಂದರ ಹಿಂದೆ ಒಂದು ಟ್ಯೂಷನ್. ನಡುವೆ ರಿಕ್ಷಾದಲ್ಲಿ ವಡಾಪಾವ್.

“ಮತ್ತ ಆಟ ಯಾವಾಗವಾ?” ಎಂದೆ.

“ಲಿಫ್ಟಿನ್ಯಾಗ, ಟೀಚರ್.”

ಮೇಲೆ ಕೆಳಗೆ, ಮೇಲೆ ಕೆಳಗೆ. ವಾಚ್‌ಮನ್ ಬೈಯುವವರೆಗೆ ಅದೇ ಆಟ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗದೆ ಕೂತವಳು ಶ್ರಾವಣಿ ಒಬ್ಬಳೇ. ಅವಳ ಸರದಿ ಬಂದಾಗ “ನಾ ಕ್ಲಾಸಿಗೆ ಹೋಗ್ತೀನಿ” ಎಂದಷ್ಟೇ ಹೇಳಿ ಕೂತುಬಿಟ್ಟಳು.

ಇದನ್ನೆಲ್ಲ ನಮ್ಮ ಹೆಡ್‌ಮಾಸ್ತರ ರೈ ಸರ್ ಅವರ ಮುಂದೆ ಹೇಳಿದೆ. ಮಕ್ಕಳು ಮಧ್ಯಾಹ್ನ ಶಾಲೆಯಲ್ಲೇ ಇರಲು ಒಂದು ಕೋಣೆ ಕೊಡಿ ಎಂದೂ ಕೇಳಿದೆ. ಅವರು ಪುತ್ತೂರಿನ ಕಡೆಯವರು. ಬಿಳಿ ಅಂಗಿ, ಗಟ್ಟಿ ದನಿ.

“ಮೇಡಂ, ಗೇಟಿನ ಒಳಗೆ ನಮ್ಮ ಮಕ್ಕಳು, ಗೇಟಿನ ಹೊರಗೆ ಅವರವರ ಮಕ್ಕಳು. ಅದನ್ನೂ ನಾವೇ ತಲೆಗೆ ಹಾಕ್ಕೊಂಡ್ರೆ ಬದುಕ್ಲಿಕ್ಕುಂಟಾ ಮಾರಾಯ್ರೆ?”

ಹೀಗೆ ಹೇಳಿದವರು ಮಳೆಗಾಲದಲ್ಲಿ ಅದೇ ಗೇಟಿನ ಹೊರಗೆ ಛತ್ರಿ ಹಿಡಿದು ನಿಂತು, ಕೊನೆಯ ಮಗು ರಸ್ತೆ ದಾಟುವವರೆಗೆ ರಿಕ್ಷಾಗಳನ್ನು ಅಡ್ಡಗಟ್ಟುತ್ತಿದ್ದರು. ಮೇಲಧಿಕಾರಿಗಳ ಮಾತು ಮತ್ತು ಕೃತಿ ಎರಡನ್ನೂ ನೋಡಿ ಆಮೇಲೆ ಸಿಟ್ಟಾಗಬೇಕು ಎಂಬುದನ್ನು ನಾನು ಅವರಿಂದ ಕಲಿತೆ.

ಕೆಲವು ದಿನಗಳ ನಂತರ ಶ್ರಾವಣಿಯ ತಂದೆ ಮಲ್ಲಿಕಾರ್ಜುನ ಶಾಲೆಗೆ ಬಂದರು. ಗದಗ ಕಡೆಯವರು, ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮಗಳು ಅವರ ಹಿಂದೆ ನಿಂತಿದ್ದಳು.

“ಟೀಚರ್, ನಿಮ್ಮ ಎಕ್ಸ್‌ಟ್ರಾ ಕ್ಲಾಸ್ ಇನ್ನೂ ಎಷ್ಟ್ ದಿನಾ ನಡೀತಾವ್ರಿ? ಟ್ಯೂಷನ್ನಿನವ್ರು ಫೋನ್ ಮಾಡಿದ್ರು, ಹುಡುಗಿ ಬರವಲ್ಲಳು ಅಂತ. ಕೇಳಿದ್ರ ನಿಮ್ಮ ಹೆಸರ ಹೇಳ್ತಾಳ.”

ನನ್ನ ಯಾವ ಎಕ್ಸ್‌ಟ್ರಾ ಕ್ಲಾಸೂ ಇರಲಿಲ್ಲ. ನಾನು ಶ್ರಾವಣಿಯ ಮುಖ ನೋಡಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳ ಮುಖ ನನಗೆ ಗೊತ್ತು, ಇದು ಅದಲ್ಲ. ತುಂಬಿದ ಕೊಡ ಹೊತ್ತವರು ‘ದೂಡಬೇಡಿ’ ಎಂದು ಕಣ್ಣಲ್ಲೇ ಬೇಡುತ್ತಾರಲ್ಲ, ಹಾಗಿತ್ತು.

“ಈ ವಾರ ಮುಗಿಸಿಬಿಡ್ತೀನ್ರಿ,” ಎಂದೆ.

ಅವರು ಹೋದ ಮೇಲೆ ಅವಳನ್ನು ಹತ್ತಿರ ಕರೆದೆ. “ದಿನಾ ಎಲ್ಲಿಗೆ ಹೋಗ್ತಿ?”

“ಊರಿಗೆ, ಟೀಚರ್.”

“ಯಾವ ಊರಿಗೆ?”

“ಅಜ್ಜನ ಊರಿಗೆ. ಬೈಬ್ಯಾಡ್ರಿ. ನಾಳೆ ನೀವೂ ಬರ್ರಿ, ತೋರಸ್ತೀನಿ.”

ಮರುದಿನ ಮಧ್ಯಾಹ್ನ ಅವರ ಬಿಲ್ಡಿಂಗಿನ ಕೆಳಗೆ ಹೋಗಿ ನಿಂತೆ. ಶ್ರಾವಣಿ ಅಜ್ಜನ ಕೈಹಿಡಿದು ಮೆಟ್ಟಿಲಿಳಿದು ಬಂದಳು. ಒಗೆದ ಧೋತರ, ಬಿಳಿ ಟೋಪಿ, ಬಗಲಲ್ಲಿ ಬಟ್ಟೆಯ ಚೀಲ. ಹಬ್ಬಕ್ಕೆ ಹೊರಟವರಂತೆ ಅಜ್ಜನ ಮುಖ ಅರಳಿತ್ತು. ಹೆಸರು ಬಸವಣ್ಣೆಪ್ಪ. ಹೆಂಡತಿ ತೀರಿದ ಮೇಲೆ ಮಗ ಇಲ್ಲಿಗೆ ಕರೆತಂದಿದ್ದ. ಬಂದ ಕೆಲವೇ ತಿಂಗಳಲ್ಲಿ ನೆನಪು ಸಡಿಲವಾಗತೊಡಗಿತ್ತು.

ಅಂಬರನಾಥದ ಕಡೆಗೆ ಹೋಗುವ ಲೋಕಲ್ ಆ ಹೊತ್ತಿನಲ್ಲಿ ಖಾಲಿಯಿರುತ್ತದೆ. ಅಜ್ಜನನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ಅವರಿಗೆ ಅಡ್ಡಲಾಗಿ ಕೂತು, ಶ್ರಾವಣಿ ನನಗೆ ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಮಧ್ಯಾಹ್ನವಾದರೆ ಸಾಕು, ಅಜ್ಜ ಚೀಲ ಕಟ್ಟುತ್ತಾರೆ. ಬಸ್ ಬಂತು, ಊರಿಗೆ ಹೋಗಬೇಕು ಎಂದು ಬಾಗಿಲು ಬಡಿಯುತ್ತಾರೆ. ಒಮ್ಮೆ ಒಬ್ಬರೇ ರಸ್ತೆಗೆ ಇಳಿದಿದ್ದರಂತೆ. ಟ್ಯೂಷನ್ನಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗು ಎಂದು ಮನೆಯಲ್ಲಿ ಹೇಳಿದರು. ಅವಳು ಹಾಗೇ ಮಾಡಿದಳು.

“ಕೆಳಗಿನ ಮನೀ ಸಾವಂತ್ ಕಾಕಾ ಹೇಳಿದ್ರು, ಅಜ್ಜ ಒಳಗ ಅಳ್ತಿದ್ರು ಅಂತ. ನಾ ಅಲ್ಲಿ ಕ್ಲಾಸಿನ್ಯಾಗ ಪರ್ಸೆಂಟೇಜ್ ಮಾಡ್ಕೋತ ಕೂತಿದ್ನಿ, ಟೀಚರ್.”

ಶ್ರಾವಣಿ ಐದನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಅಂಬರನಾಥದ ಹಳೆಯ ಶಿವಾಲಯಕ್ಕೆ ಪಿಕ್‌ನಿಕ್ ಹೋಗಿದ್ದೆವು. ಕಪ್ಪು ಕಲ್ಲು, ಕೆತ್ತಿದ ಕಂಬ, ಗೋಡೆಯ ಬುಡದಲ್ಲಿ ಸಾಲು ಆನೆಗಳು. ಅಜ್ಜ ತಮ್ಮೂರಿನ ಗುಡಿಯ ಬಗ್ಗೆ ಹೇಳುವಾಗೆಲ್ಲ ಅವಳಿಗೆ ಅದೇ ಕಣ್ಣ ಮುಂದೆ ಬರುತ್ತಿತ್ತಂತೆ. ಒಂದು ದಿನ ಧೈರ್ಯ ಮಾಡಿ ಕರೆದುಕೊಂಡು ಹೋದಳು. ಆ ದಿನ ಅಜ್ಜ ಬಾಗಿಲು ಬಡಿಯಲಿಲ್ಲ, ಅಳಲಿಲ್ಲ. ಸಂಜೆ ಅಪ್ಪ ಅಮ್ಮ ಬರುವಷ್ಟರಲ್ಲಿ ನಿದ್ದೆ ಮಾಡುತ್ತಿದ್ದರು.

ಅಷ್ಟರಲ್ಲಿ ಕಲ್ಯಾಣ ಬಂತು. ಶ್ರಾವಣಿ ಮಾತು ನಿಲ್ಲಿಸಿ ಅಜ್ಜನ ಭುಜ ಮುಟ್ಟಿದಳು.

“ಅಜ್ಜಾ, ಹುಬ್ಬಳ್ಳಿ ಬಂತು ನೋಡು.”

“ಬಂತೇನ? ದೊಡ್ಡ ಟೇಸನ್ನು,” ಎಂದರು ಅಜ್ಜ ತೃಪ್ತಿಯಿಂದ.

ವಿಠ್ಠಲವಾಡಿ ಬಂದಾಗ ಅಣ್ಣಿಗೇರಿ ಬಂತು. ಉಲ್ಹಾಸನಗರ ಹುಲಕೋಟಿ ಆಯಿತು. ಅಂಬರನಾಥದಲ್ಲಿ “ಗದಗ ಬಂತು, ಇಳಿ” ಎಂದಳು. ನಾನು ಹುಟ್ಟಿ ಬೆಳೆದ ಊರಿನ ದಾರಿಯನ್ನು, ಆ ದಾರಿಯಲ್ಲಿ ಹೆಚ್ಚೆಂದರೆ ಒಂದೆರಡು ಸಲ ಹೋಗಿರಬಹುದಾದ ಮಗುವೊಂದು ಹೀಗೆ ಸೆಂಟ್ರಲ್ ರೈಲ್ವೆಯ ಮೇಲೆ ಹಾಸಿಬಿಟ್ಟಿತ್ತು. ಪರೀಕ್ಷೆಯ ಭೂಗೋಳದಲ್ಲಿ ಅವಳಿಗೆ ಬರುತ್ತಿದ್ದ ಅಂಕ ನೆನೆದು ನನಗೆ ನಗು ಬಂತು.

ಗುಡಿಯ ಕಟ್ಟೆಯ ಮೇಲೆ ಅಜ್ಜ ಕೂತರು. ಕಲ್ಲಿನ ಆನೆಯ ಬೆನ್ನು ಸವರಿದರು. ಚೀಲದಿಂದ ಡಬ್ಬಿ ತೆಗೆದು ಚಪಾತಿ ಹರಿದು ಮೂವರಿಗೂ ಹಂಚಿದರು.

“ನೀವು ಯಾರ ಪೈಕಿ?” ಎಂದು ನನ್ನನ್ನು ಕೇಳಿದರು.

“ಹುಬ್ಬಳ್ಳಿಯವಳ್ರಿ ಅಜ್ಜಾ.”

“ಹುಬ್ಬಳ್ಳಿಯಿಂದ ಬಂದೀರಿ? ಹಂಗ ಹೋಗಬ್ಯಾಡ್ರಿ ಮತ್ತ, ಉಂಡು ಹೋಗ್ರಿ.”

ಸ್ವಲ್ಪ ಹೊತ್ತು ಕಂಬಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದರು. ಎದ್ದವರೇ ಗಡಿಬಿಡಿಯಿಂದ ಟೋಪಿ ಸರಿಮಾಡಿಕೊಂಡು ಶ್ರಾವಣಿಗೆ ಹೇಳಿದರು:

“ನಡಿ ತಂಗೀ, ನಡಿ. ಶ್ರಾವಣಿ ಸಾಲಿ ಬಿಟ್ಟು ಬರೂ ಹೊತ್ತಾತು. ಮನ್ಯಾಗ ಯಾರೂ ಇಲ್ಲಂದ್ರ ಕೂಸು ಹೆದರತೈತಿ.”

ನಾನು ಬೆಚ್ಚಿ ಶ್ರಾವಣಿಯನ್ನು ನೋಡಿದೆ. ಅವಳು ಡಬ್ಬಿಯ ಮುಚ್ಚಳ ಹಾಕುತ್ತ ಸಹಜವಾಗಿ ಹೇಳಿದಳು: “ಇಲ್ಲಿ ಬಂದ್ರ ನಾ ಅವ್ರ ತಂಗಿ. ದಿನಾ ಹಿಂಗ ಅಂತಾರ. ಶ್ರಾವಣಿ ಸಲುವಾಗಿನ ವಾಪಸ್ ಬರ್ತಾರ, ಇಲ್ಲಂದ್ರ ಏಳೂದ ಇಲ್ಲ.”

ಮರಳಿ ಬರುವಾಗ ಗಾಡಿಯಲ್ಲಿ ಜನ ಹೆಚ್ಚಿತ್ತು. ಅಜ್ಜನಿಗೆ ಬಾಗಿಲಿನ ಹತ್ತಿರ ಸೀಟು ಸಿಕ್ಕಿತು. ನಾವಿಬ್ಬರೂ ಎದುರಿಗೆ ನಿಂತಿದ್ದೆವು. ಮನೆಯಲ್ಲಿ ಇದನ್ನು ಹೇಳಲೇಬೇಕು ಎಂದು ನಾನು, ಹೇಳಿದರೆ ಮತ್ತೆ ಬೀಗ ಹಾಕುತ್ತಾರೆ ಎಂದು ಅವಳು. ಉಲ್ಹಾಸನಗರದಲ್ಲಿ ಒಂದು ಗುಂಪು ಇಳಿಯಿತು, ಇನ್ನೊಂದು ನುಗ್ಗಿತು. ಗಾಡಿ ಹೊರಟ ಮೇಲೆ ನೋಡಿದರೆ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಕಿಟಕಿಯಾಚೆ ಪ್ಲಾಟ್‌ಫಾರ್ಮಿನ ಮೇಲೆ ಬಿಳಿ ಟೋಪಿಯೊಂದು ಜನರ ನಡುವೆ ನಿಧಾನವಾಗಿ ಹೋಗುತ್ತಿತ್ತು.

“ಅಜ್ಜಾ!” ಎಂದು ಕಿರುಚಿ ಶ್ರಾವಣಿ ಓಡುವ ಗಾಡಿಯ ಬಾಗಿಲಿಗೆ ಹಾರಿದಳು. ನಾನು ಅವಳ ರಟ್ಟೆ ಹಿಡಿದೆ. ಅಷ್ಟು ಬಿಗಿಯಾಗಿ ನಾನು ಯಾವ ಮಗುವನ್ನೂ ಹಿಡಿದದ್ದಿಲ್ಲ.

ವಿಠ್ಠಲವಾಡಿಯಲ್ಲಿ ಇಳಿದು ಎದುರು ಗಾಡಿ ಹಿಡಿದು ಬರುವಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಅಜ್ಜ ಇರಲಿಲ್ಲ. ಹೊರಗೆ ಉಲ್ಹಾಸನಗರದ ಬಜಾರು. ಅಂಗಡಿಗೆ ಅಂಗಡಿ ಅಂಟಿಕೊಂಡ ಗಲ್ಲಿಗಳು, ಕೈಗಾಡಿಗಳು. ಅಳು ನನಗೇ ಬರುವಂತಿತ್ತು. ಶ್ರಾವಣಿ ಅಳಲಿಲ್ಲ. ಒಂದೊಂದೇ ಅಂಗಡಿಯ ಮುಂದೆ ನಿಂತು, “ಅಂಕಲ್, ಸಫೇದ್ ಟೋಪಿವಾಲೇ ದಾದಾಜಿ ದೇಖೇ ಕ್ಯಾ?” ಎಂದು ಕೇಳುತ್ತ ನಡೆದಳು. ತಲೆ ಅಲ್ಲಾಡಿಸಿದರೆ “ಥ್ಯಾಂಕ್ಯೂ ಅಂಕಲ್” ಎಂದು ಮುಂದಿನ ಅಂಗಡಿಗೆ. ನಾನು ಅವಳ ಹಿಂದೆ ಮಗುವಿನಂತೆ ಹೋಗುತ್ತಿದ್ದೆ.

ಕೊನೆಗೆ ಒಬ್ಬ ಕೈಗಾಡಿಯವನು ಒಂದು ಸೀರೆ ಅಂಗಡಿಯತ್ತ ಬೆರಳು ತೋರಿಸಿದ. ಒಳಗೆ ಬಿಳಿ ಗಾದಿಯ ಮೇಲೆ ಅಜ್ಜ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೈಯಲ್ಲಿ ಚಹಾ. ಮುಂದೆ ಬಿಚ್ಚಿದ ಸೀರೆಗಳ ಗುಡ್ಡೆ.

ಅಂಗಡಿಯ ಸಿಂಧಿ ಯಜಮಾನ ನಗುತ್ತ, “ಬಾಬಾ ಕೋ ಕುಛ್ ಪಸಂದ್ ಹೀ ನಹೀಂ ಆತಾ,” ಎಂದ.

“ನಮ್ಮಾಕೀಗೊಂದು ಒಯ್ಯೂಣು ಅಂತ ಬಂದ್ನಿ. ಇವ್ರ ಕಡೆ ಇಳಕಲ್ ಇಲ್ಲಂತ, ತಂಗೀ,” ಎಂದರು ಅಜ್ಜ.

ಶ್ರಾವಣಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಬಾಯಿ ಅಗಲಿಸಿ, ಒಂದನೆಯ ತರಗತಿಯ ಮೊದಲ ದಿನ ಮಕ್ಕಳು ಅಳುತ್ತಾರಲ್ಲ, ಹಾಗೆ ಅತ್ತಳು. ಬಜಾರಿನ ಜನ ನಿಂತು ನೋಡಿದರು. ಯಜಮಾನ ನೀರು ತಂದುಕೊಟ್ಟ. ನಾನು ಅವಳನ್ನು ಎದೆಗೆ ಒತ್ತಿಕೊಂಡೆ. ಬಿಕ್ಕಳಿಕೆಯ ನಡುವೆ ಅವಳು ಹೇಳಿದ ಮಾತು ಇಷ್ಟು:

“ನಾ ಇನ್ನ ಕರಕೊಂಡು ಬರೂದಿಲ್ಲ ಟೀಚರ್. ನನಗ ಆಗೂದಿಲ್ಲ. ನನಗ ಭಾಳ ಅಂಜಿಕಿ ಬರತೈತಿ.”

ದಿನವೂ ಬರುತ್ತಿತ್ತಂತೆ, ಆ ಅಂಜಿಕೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಅವರ ಮನೆಯಲ್ಲಿ ತಂದೆತಾಯಿ ಬರುವವರೆಗೆ ಕೂತೆ. ತಾಯಿ ಸುಜಾತಾ ಮೊದಲು ಬಂದರು. ಹೆಗಲ ಚೀಲ ಇಳಿಸದೆ, ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. ನಂತರ ಬಂದ ಮಲ್ಲಿಕಾರ್ಜುನ ಕೈಕಾಲು ತೊಳೆದು, ಟವೆಲ್ ಹೆಗಲಿಗೆ ಹಾಕಿಕೊಂಡು ಕೂತು, ಕೇಳುತ್ತ ಕೇಳುತ್ತ ಕೆಂಪಾದರು.

“ಟ್ರೇನಿನ್ಯಾಗ? ಇಬ್ರ? ಏನರ ಆಗಿದ್ರ? ನೀವು ಟೀಚರ್ ಆಗಿ ನನ್ನ ಮುಂದ ಸುಳ್ಳು ಹೇಳಿದ್ರಿ!”

“ಹೌದ್ರಿ, ಹೇಳಿದೆ,” ಎಂದೆ. ಆಮೇಲೆ, ಅಜ್ಜ ಗುಡಿಯ ಕಟ್ಟೆಯಿಂದ ಯಾಕೆ ಏಳುತ್ತಾರೆ ಎಂಬುದನ್ನು ಹೇಳಿದೆ. ಶ್ರಾವಣಿ ಬರುವ ಹೊತ್ತಾಯಿತು, ಕೂಸು ಹೆದರತೈತಿ.

ಅವರು ಒಳಕೋಣೆಯ ಕಡೆಗೆ ತಿರುಗಿ ನೋಡಿದರು. ಅಲ್ಲಿ ಅಜ್ಜ ನಿದ್ದೆ ಮಾಡುತ್ತಿದ್ದರು. ಆಮೇಲೆ ಮಲ್ಲಿಕಾರ್ಜುನ ಮಗಳನ್ನು ಹತ್ತಿರ ಕರೆದು, “ದಾರಿ ತುಂಬ ಏನ್ ಮಾತಾಡ್ತೀರಿ ಇಬ್ರೂ?” ಎಂದರು.

“ಕಲ್ಯಾಣಕ್ಕ ಹುಬ್ಬಳ್ಳಿ ಅಂತೀನಿ, ಪಪ್ಪಾ. ವಿಠ್ಠಲವಾಡಿಗೆ ಅಣ್ಣಿಗೇರಿ.”

ಮಲ್ಲಿಕಾರ್ಜುನ ನಕ್ಕರು. ನಗುತ್ತಲೇ ಹೆಗಲ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. “ಇಷ್ಟ್ ವರ್ಷಾತು ಇಲ್ಲಿ ಬಂದು. ಆ ಗುಡಿ ನಾ ಒಂದ್ ಸರ್ತೀನೂ ನೋಡಿಲ್ರಿ,” ಎಂದರು ಟವೆಲ್ಲಿನೊಳಗಿಂದ.

ಮುಂದಿನ ಭಾನುವಾರ ಅವರೇ ಕರೆದುಕೊಂಡು ಹೋದರು. ವಾರದ ನಡುವಿನ ಚಿಂತೆ ಕಳೆದವರು ಕೆಳಗಿನ ಮನೆಯ ನಿವೃತ್ತ ಸಾವಂತ್ ಕಾಕಾ. “ಮಲಾ ಕಾಯ್ ಕಾಮ್ ಆಹೇ? ಮೀ ನೇತೋ” ಎಂದು, ಬೇರೆ ಕೆಲಸವಿಲ್ಲದ ತಾವೇ ಕರೆದೊಯ್ಯುವುದಾಗಿ ಮುಂದೆ ಬಂದರು. ಅವರಿಗೆ ಕನ್ನಡ ಬಾರದು, ಅಜ್ಜನಿಗೆ ಮರಾಠಿ ಬಾರದು. ದಾರಿಯುದ್ದಕ್ಕೂ ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಹರಟುತ್ತ ಹೋಗುತ್ತಿದ್ದರಂತೆ. ಶ್ರಾವಣಿ ಕಲಿಸಿಕೊಟ್ಟ ಮೇಲೆ ಕಲ್ಯಾಣ ಬರುತ್ತಲೇ ಕಾಕಾ “ಹುಬಳೀ ಆಲೀ!” ಎಂದು ಕೂಗಿದರೆ ಇಡೀ ಬೋಗಿ ತಿರುಗಿ ನೋಡುತ್ತಿತ್ತಂತೆ.

ಈ ಕಥೆಯನ್ನು ನಾನು ರೈ ಸರ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೊರಗಿಂದು ನಮಗೆ ಬೇಡ ಅಂತ ನಾನೇ ಹೇಳಿದ್ದಲ್ವಾ,” ಎಂದರು. ಆಮೇಲೆ ಪ್ಯೂನನ್ನು ಕರೆದು, “ಆ ಡ್ರಾಯಿಂಗ್ ರೂಮಿನ ಬೀಗದಕೈ ಎಲ್ಲುಂಟು ನೋಡು ಮಾರಾಯ,” ಎಂದರು. ಮಧ್ಯಾಹ್ನದ ಪಾಳಿಯ ಮಕ್ಕಳಿಗೆ ಬೇಡವಾದ ಏಕೈಕ ಕೋಣೆ ಅದು. ಹಿಂದೆ ಒಂದು ತುಂಡು ಅಂಗಳ.

ಅಲ್ಲಿ ನಾನು ಮಾಡಿದ ಎಡವಟ್ಟನ್ನು ಹೊಸಬರು ತಿಳಿದಿರಬೇಕು. ಉತ್ಸಾಹದಲ್ಲಿ ಟೈಮ್‌ಟೇಬಲ್ ಹಾಕಿದೆ. ಊಟ, ಕಥೆ ಓದುವುದು, ಚಿತ್ರ, ಒಳ್ಳೆಯ ಹವ್ಯಾಸಗಳು. ವಾರ ಮುಗಿಯುವಷ್ಟರಲ್ಲಿ ಬೆರಳೆಣಿಕೆಯ ಮಕ್ಕಳು ಉಳಿದರು. ಇದೂ ಮತ್ತೆ ಶಾಲೆಯೇ ಆಯಿತಲ್ಲ ಎಂದು ತೇಜಸ್ ಕನಿಕರದಿಂದ ಹೇಳಿದ: “ಟೀಚರ್, ಯೇ ತೋ ಫಿರ್ ಸೇ ಸ್ಕೂಲ್ ಹೋ ಗಯಾ.” ಅಂದೇ ಟೈಮ್‌ಟೇಬಲ್ ಕಿತ್ತು ಹಾಕಿದೆ. ನಾನೊಂದು ಮೂಲೆಯಲ್ಲಿ ಪೇಪರ್ ತಿದ್ದುತ್ತ ಕೂರುವುದು, ಕರೆದರೆ ಏಳುವುದು, ಇಷ್ಟೇ ನಿಯಮ. ಮಕ್ಕಳು ಒಬ್ಬೊಬ್ಬರೇ ಮರಳಿದರು. ಫೋನುಗಳೂ ಬಂದವು. ಬೇಡ ಎನ್ನಲಿಲ್ಲ. ಒಬ್ಬ ಆಡುವುದು, ಹತ್ತು ಮಂದಿ ಬಗ್ಗಿ ನೋಡುವುದು. ನೋಡಿ ಬೇಸರವಾದವರು ಅಂಗಳಕ್ಕೆ ಇಳಿದರು. ಯಾರೋ ಒಡೆದ ಫರಸಿ ಕಲ್ಲಿನ ಚೂರುಗಳನ್ನು ಒಂದರ ಮೇಲೊಂದು ಪೇರಿಸಿದರು. ಲಗೋರಿ ಶುರುವಾಯಿತು. ಆ ಗದ್ದಲಕ್ಕೆ ಫೋನಿನವರೂ ಎದ್ದು ಹೋದರು.

ಶ್ರಾವಣಿಯೂ ಬರತೊಡಗಿದಳು. ಆದರೆ ಅವಳಿಗೆ ಬಿಡುವು ಎಂದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಬಾಗಿಲಲ್ಲಿ ಕೂರುತ್ತಿದ್ದಳು. ಸಣ್ಣವರ ಬೂಟಿನ ಲೇಸು ಕಟ್ಟುವಳು, ಬಾಟಲಿಗೆ ನೀರು ತುಂಬಿಸುವಳು, ಎಲ್ಲರೂ ಇದ್ದಾರೋ ಇಲ್ಲವೋ ಎಂದು ಮತ್ತೆ ಮತ್ತೆ ಕಣ್ಣಾಡಿಸುವಳು.

“ಆಡ್ಹೋಗವಾ,” ಎಂದರೆ, “ಇರ್ಲಿ ಟೀಚರ್, ನಾ ಎಲ್ಲಾರ ಬ್ಯಾಗ್ ನೋಡ್ಕೋತೀನಿ,” ಎನ್ನುವಳು.

ನಾನು ಒತ್ತಾಯ ಮಾಡಲಿಲ್ಲ. ದೊಡ್ಡವರಾಗಿಬಿಟ್ಟ ಮಕ್ಕಳನ್ನು ಕೈಹಿಡಿದು ಚಿಕ್ಕವರನ್ನಾಗಿ ಮಾಡಲು ಬರುವುದಿಲ್ಲ. ಕಾಯಬೇಕು.

ಮಳೆ ನಿಂತು ಅಂಗಳ ಇನ್ನೂ ಒದ್ದೆಯಿದ್ದ ಒಂದು ಮಧ್ಯಾಹ್ನ. ಒಂದು ಕಡೆ ಆಟಗಾರರು ಕಡಿಮೆ ಬಿದ್ದರೆಂದು ಯಾರೋ ಅವಳನ್ನು ಎಳೆದುಕೊಂಡು ಹೋದರು. ನಾನು ಪೇಪರಿನಿಂದ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ‘ಧಪ್’ ಎಂದು ಚೆಂಡು ಬಡಿದ ಸದ್ದು ಕೇಳಿಸಿತು, ಹಿಂದೆಯೇ ಕೂಗು.

“ಔಟ್! ಶ್ರಾವಣಿ ಔಟ್!” ತೇಜಸ್ ಕುಣಿಯುತ್ತಿದ್ದ.

“ನಾ ಔಟ್ ಇಲ್ಲ! ತಾಕೇ ಇಲ್ಲ!”

“ಲಗಾ! ಪೀಠ್ ಪೇ ಲಗಾ!”

“ನಹೀಂ ಲಗಾ! ಚೀಟರ್! ಮೀ ನಾಹೀ ಜಾಣಾರ್, ಹೋಗೂದಿಲ್ಲ ನಾ, ಹೋಗೂದಿಲ್ಲ!” ಮೂರು ಭಾಷೆಯಲ್ಲೂ ಕೂಗುತ್ತ ಅವಳು ಅವನನ್ನು ದೂಡಿದಳು. ಕಾಲಿನಿಂದ ಕಲ್ಲುಗಳನ್ನು ಒದ್ದಳು. ಜಡೆ ಬಿಚ್ಚಿಹೋಗಿತ್ತು. ನಾನು ಬಾಗಿಲಿಗೆ ಬಂದು ನಿಂತೆ. ಅವಳ ಅಂಗಿಯ ಬೆನ್ನ ಮೇಲೆ ಕೆಸರಿನಲ್ಲಿ ಚೆಂಡಿನ ಗುಂಡನೆಯ ಅಚ್ಚು ಒತ್ತಿತ್ತು. ಎಲ್ಲರೂ ನನ್ನತ್ತ ತಿರುಗಿ ತೀರ್ಪಿಗೆ ಕಾದರು.

ಗಲಾಟೆಗೆ ರೈ ಸರ್ ಆಫೀಸಿನಿಂದ ಎದ್ದು ಬಂದರು. ಕೆಂಪಾದ ಶ್ರಾವಣಿಯ ಮುಖ ನೋಡಿದರು, ಬೆನ್ನು ನೋಡಿದರು, ನನ್ನನ್ನು ನೋಡಿದರು. ಕನ್ನಡಕ ಮೇಲೇರಿಸಿ, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದರು:

“ನಾಟೌಟ್! ನಾನೇ ನೋಡಿದ್ದೇನೆ.”

“ಸರ್, ಆಪ್ ತೋ ಅಂದರ್ ಥೇ!” ಎಂದು ತೇಜಸ್ ಬಾಯಿ ಬಾಯಿ ಬಡಿದುಕೊಂಡ. ಅಷ್ಟರಲ್ಲಿ ಸರ್ ಒಳಗೆ ಹೋಗಿಬಿಟ್ಟಿದ್ದರು. ಶ್ರಾವಣಿ ಆಗಲೇ ಕೆಸರಿನಲ್ಲಿ ಮಂಡಿಯೂರಿ, ನಾಲಗೆ ಕಚ್ಚಿಕೊಂಡು, ಒಂದರ ಮೇಲೊಂದು ಕಲ್ಲು ಪೇರಿಸುತ್ತಿದ್ದಳು.